ಪ್ರೋಟಾನಿನ ಸ್ಪಿನ್ ಎಲ್ಲಿಂದ ಬರುದು? ಮೂರು ಕ್ವಾರ್ಕ್ ಕೂಡಿಸಿದ್ರೆ ಆಯ್ತಾ?

ಹಂಪನಕಟ್ಟೆ_ಬಿಎಸ್ಸಿ:
ಎಲ್ರಿಗೂ ನಮಸ್ಕಾರ. ಮಂಗ್ಳೂರಲ್ಲಿ ಬಿಎಸ್ಸಿ ಫೈನಲ್ ಇಯರ್. ನ್ಯೂಕ್ಲಿಯರ್ ಫಿಸಿಕ್ಸ್ ಪೇಪರ್ ಹತ್ರ ಬಂತು, ಒಂದು ಡೌಟ್ ಉಂಟು. ನಮ್ಮ ನೋಟ್ಸಲ್ಲಿ ಪ್ರೋಟಾನ್ ಅಂದ್ರೆ ಕ್ವಾರ್ಕ್ ಅನ್ನುವ ಪುಟ್ಟ ಕಣಗಳು, ಎರಡು ಅಪ್ ಕ್ವಾರ್ಕ್ ಒಂದು ಡೌನ್ ಕ್ವಾರ್ಕ್, ಪ್ರತಿಯೊಂದರ ಸ್ಪಿನ್ (ಕಣದ ಜೊತೆಗೇ ಇರುವ ಆಂಗ್ಯುಲರ್ ಮೊಮೆಂಟಮ್) ಅರ್ಧ, ಎರಡು ಮೇಲ್ಮುಖ ಒಂದು ಕೆಳಮುಖ, ಅರ್ಧ ಪ್ಲಸ್ ಅರ್ಧ ಮೈನಸ್ ಅರ್ಧ, ಹಾಗಾಗಿ ಪ್ರೋಟಾನ್ ಸ್ಪಿನ್ ಅರ್ಧ ಅಂತ ಎರಡೇ ಸಾಲಲ್ಲಿ ಮುಗಿಸಿದ್ದಾರೆ. ನ್ಯೂಟ್ರಾನಿಗೆ ಅಪ್ ಇದ್ದಲ್ಲಿ ಡೌನ್, ಡೌನ್ ಇದ್ದಲ್ಲಿ ಅಪ್ ಹಾಕಿ ಅಂತ. ಆದ್ರೆ ಮಣಿಪಾಲದಲ್ಲಿ ಎಮ್ಮೆಸ್ಸಿ ಓದುವ ನನ್ನ ಚಿಕ್ಕಮ್ಮನ ಮಗ ಹೇಳ್ತಾನೆ ಈ ಲೆಕ್ಕ ಅಳತೆಗೆ ಕೂಡಿ ಬರುದೇ ಇಲ್ಲ, ಕ್ವಾರ್ಕ್‌ಗಳ ಸ್ಪಿನ್ನಿಂದ ಬರುದು ಸುಮಾರು 30 ಪರ್ಸೆಂಟ್ ಅಷ್ಟೇ ಅಂತ. ಹಾಗಾದ್ರೆ ಉಳಿದ 70 ಎಲ್ಲಿಂದ? ಪರೀಕ್ಷೆಯಲ್ಲಿ ಎಂತ ಬರಿಯುದು? ಗೊತ್ತಿದ್ದವರು ಹೇಳಿ ಮಾರಾಯ್ರೆ.

ಸುರತ್ಕಲ್_ಕಡಲು:
ನೋಟ್ಸಲ್ಲಿದ್ದದ್ದು ಸರಿಯೇ ಉಂಟು. ಮೂರು ಕ್ವಾರ್ಕ್ ಮಾಡೆಲಿಂದ ಮ್ಯಾಗ್ನೆಟಿಕ್ ಮೊಮೆಂಟ್ (ಕಣ ಪುಟ್ಟ ಅಯಸ್ಕಾಂತದ ಹಾಗೆ ಎಷ್ಟು ಬಲ ಅಂತ) ಲೆಕ್ಕ ಹಾಕಿ ನೋಡು, ನ್ಯೂಟ್ರಾನಿದ್ದು ಭಾಗಿಸು ಪ್ರೋಟಾನಿದ್ದು ಅಂದ್ರೆ ಮೈನಸ್ ಮೂರನೇ ಎರಡು ಬರ್ತದೆ, ಅಂದ್ರೆ ಮೈನಸ್ 0.667. ಅಳೆದದ್ದು, ನ್ಯೂಕ್ಲಿಯರ್ ಮ್ಯಾಗ್ನೆಟಾನ್ ಅನ್ನುವ ಮಾನದಲ್ಲಿ, ಪ್ರೋಟಾನಿಗೆ 2.793, ನ್ಯೂಟ್ರಾನಿಗೆ ಮೈನಸ್ 1.913, ಭಾಗಿಸಿದ್ರೆ ಮೈನಸ್ 0.685. ಇಷ್ಟು ಹತ್ರ ಬರುವ ಮಾಡೆಲ್ ತಪ್ಪು ಅಂತ ಹೇಗೆ ಹೇಳುದು? ಪರೀಕ್ಷೆಗೆ ಅದನ್ನೇ ಬರಿ, ಫುಲ್ ಮಾರ್ಕ್ಸ್.

ಅಜ್ಜರಕಾಡು_ಮೇಷ್ಟ್ರು:
ಸುರತ್ಕಲ್‌ನವ್ರೇ, ನಿಮ್ಮ ಅಂಕಿ ಎಲ್ಲ ಸರಿ, ಆದ್ರೆ ಅದ್ರಿಂದ ನೀವು ಹೊರಟ ತೀರ್ಮಾನ ಸರಿ ಇಲ್ಲ. ನಾನು ಉಡುಪಿಯಲ್ಲಿ ಫಿಸಿಕ್ಸ್ ಕಲಿಸುವವ, ಪ್ರತಿ ವರ್ಷ ಈ ಎರಡು ಸಾಲು ಓದುವಾಗ ನಂಗೆ ಸಂಕಟ ಆಗ್ತದೆ, ಯಾಕಂದ್ರೆ ಉತ್ತರ ಅರ್ಧ ಬಂತು ಅಂತ ಹೇಳಿ ಮಕ್ಕಳು ದಾರಿ ಸಹ ಸರಿ ಅಂತ ನಂಬಿಬಿಡ್ತಾರೆ. ಪ್ರೋಟಾನಿನ ಸ್ಪಿನ್ ಅರ್ಧ ಅನ್ನುದು ಕ್ವಾರ್ಕ್ ಅನ್ನುವ ಹೆಸರೇ ಹುಟ್ಟುವ ಮೊದಲು ಗೊತ್ತಿದ್ದದ್ದು. 1927ರಲ್ಲಿ ಡೆನಿಸನ್ ಹೈಡ್ರೋಜನ್ ಅನಿಲದ ಸ್ಪೆಸಿಫಿಕ್ ಹೀಟ್ ತಣ್ಣಗೆ ಮಾಡುವಾಗ ಹೇಗೆ ಬದಲಾಗ್ತದೆ ಅಂತ ನೋಡಿ ತೀರ್ಮಾನಿಸಿದ್ದು. ಆಮೇಲೆ 1933ರಲ್ಲಿ ಆಟ್ಟೋ ಸ್ಟರ್ನ್ ಮತ್ತು ಜೊತೆಗಾರರು ಪ್ರೋಟಾನಿನ ಮ್ಯಾಗ್ನೆಟಿಕ್ ಮೊಮೆಂಟ್ ಅಳೆದ್ರು, ಒಳಗೆ ಎಂತದೂ ಇಲ್ಲದ ಚುಕ್ಕೆ ಕಣಕ್ಕೆ ಇರಬೇಕಾದ್ದರ ಸುಮಾರು ಎರಡೂವರೆ ಪಟ್ಟು ಬಂತು. ಪ್ರೋಟಾನ್ ಒಳಗೆ ಎಂತದೋ ಉಂಟು ಅನ್ನುದಕ್ಕೆ ಅದೇ ಮೊದಲ ಸುಳಿವು. ನ್ಯೂಟ್ರಾನಿಗಂತೂ ಚಾರ್ಜೇ ಇಲ್ಲ, ಆದ್ರೂ ಮೊಮೆಂಟ್ ಉಂಟು!

ಹಾಗಾಗಿ ಒಟ್ಟು ಅರ್ಧ ಅನ್ನುದ್ರಲ್ಲಿ ಜಗಳ ಇಲ್ಲ. ಆ ಅರ್ಧವನ್ನು ಯಾರು ಯಾರು ಎಷ್ಟೆಷ್ಟು ಕೊಡ್ತಾರೆ ಅನ್ನುದು ಪ್ರಶ್ನೆ. ಅದಕ್ಕೆ ಉತ್ತರ ಕೂಡಿಸಿ ಕಳೆದು ಸಿಗುದಿಲ್ಲ, ಅಳೆದೇ ನೋಡ್ಬೇಕು.

1987ರಲ್ಲಿ ಜಿನೀವಾದ ಸರ್ನ್‌ನಲ್ಲಿ ಯುರೋಪಿಯನ್ ಮ್ಯುಯಾನ್ ಕೊಲಾಬೊರೇಶನ್ ಅಂತ ಒಂದು ತಂಡ (ಮ್ಯುಯಾನ್ ಅಂದ್ರೆ ಇಲೆಕ್ಟ್ರಾನಿನ ಹಾಗೇ, ಆದ್ರೆ ಭಾರದ ಕಣ) ಅಳೆದು ಹೇಳ್ತು, 1988ರಲ್ಲಿ ಪ್ರಕಟ ಆಯ್ತು. ಕ್ವಾರ್ಕ್ ಸ್ಪಿನ್‌ಗಳ ಪಾಲು ಅವರಿಗೆ ಸಿಕ್ಕಿದ್ದು ಬರೀ 12 ಪರ್ಸೆಂಟ್ ಆಸುಪಾಸು, ಎರರ್ ದೊಡ್ಡದಿತ್ತು, ಸೊನ್ನೆಯೇ ಅಂದ್ರೂ ನಡೀತಿತ್ತು. ಇಡೀ ಲೋಕದ ಪಾರ್ಟಿಕಲ್ ಫಿಸಿಕ್ಸ್‌ನವರು ಕಂಗಾಲಾದ್ರು. ಸ್ಪಿನ್ ಕ್ರೈಸಿಸ್ ಅಂತ ಹೆಸರು ಬಿದ್ದದ್ದು ಆಗಲೇ. ಆಮೇಲೆ ಸರ್ನ್‌ನಲ್ಲೇ ಇನ್ನೆರಡು ಪ್ರಯೋಗ, ಸ್ಟಾನ್‌ಫರ್ಡ್‌ನ ಸ್ಲ್ಯಾಕ್, ಹ್ಯಾಂಬರ್ಗ್‌ನ ಹರ್ಮಿಸ್, ಅಮೆರಿಕದ ಜೆಫರ್ಸನ್ ಲ್ಯಾಬ್ ಎಲ್ಲ ಸೇರಿ ಅಳೆದಳೆದು ಈಗ ನಿಂತದ್ದು ಸುಮಾರು 30 ಪರ್ಸೆಂಟಿಗೆ. ನಿನ್ನ ಅಣ್ಣ ಹೇಳಿದ್ದು ಸರಿ ಮಾರಾಯ.

ಸುರತ್ಕಲ್_ಕಡಲು:
ಸರ್, ಹಾಗಾದ್ರೆ ಮ್ಯಾಗ್ನೆಟಿಕ್ ಮೊಮೆಂಟ್ ಯಾಕೆ ಸರಿ ಬರುದು? ಅದಕ್ಕೆ ಉತ್ತರ ಕೊಡದೆ ಮಾಡೆಲನ್ನು ಬಿಡ್ಲಿಕ್ಕೆ ನಂಗೆ ಮನಸ್ಸಿಲ್ಲ.

ಅಜ್ಜರಕಾಡು_ಮೇಷ್ಟ್ರು:
ಕೇಳ್ಬೇಕಾದ ಪ್ರಶ್ನೆಯೇ ಇದು. ಎರಡು ವಿಷಯ ಉಂಟು.

ಒಂದು, ನೀವು ಹೇಳಿದ್ದು ಅನುಪಾತ. ಅಪ್ ಮತ್ತು ಡೌನ್ ಎರಡರದ್ದೂ ಕೊಡುಗೆ ಒಂದೇ ಪ್ರಮಾಣದಲ್ಲಿ ಕಮ್ಮಿ ಆದ್ರೆ ಅನುಪಾತ ಹಾಗೇ ಉಳೀತದೆ, ಒಟ್ಟು ಎಷ್ಟು ಅಂತ ಅದು ಹೇಳುದೇ ಇಲ್ಲ. ಇನ್ನು 2.793 ಅನ್ನುವ ಪೂರ್ತಿ ಅಂಕಿ ಬರ್ಬೇಕಾದ್ರೆ ಕ್ವಾರ್ಕಿನ ಮಾಸ್ ಸುಮಾರು 336 ಎಂಇವಿ (ಕಣಗಳ ಮಾಸ್, ಶಕ್ತಿ ಅಳೆಯುವ ಮಾನ) ಅಂತ ಹಾಕ್ಬೇಕು. ಅಪ್ ಕ್ವಾರ್ಕಿನ ಸ್ವಂತ ಮಾಸ್ 2 ಚಿಲ್ಲರೆ ಎಂಇವಿ, ಡೌನಿದ್ದು 5ಕ್ಕೆ ಸ್ವಲ್ಪ ಕಮ್ಮಿ. ಮತ್ತೆ ಆ 336 ಎಲ್ಲಿಂದ ಬಂತು? ಮೊಮೆಂಟ್ ಸರಿ ಕೂತ್ಕೊಳ್ಳಲಿ ಅಂತ ಇಟ್ಟದ್ದು. ನಾವಾಗಿ ಹೊಂದಿಸಿದ ಅಂಕಿಯನ್ನು ಸಾಕ್ಷಿ ಅಂತ ಹೇಳ್ಲಿಕ್ಕೆ ಆಗುದಿಲ್ಲ.

ಎರಡು, ಮ್ಯಾಗ್ನೆಟಿಕ್ ಮೊಮೆಂಟಿಗೆ ಸ್ಪಿನ್ ಮಾತ್ರ ಅಲ್ಲ, ಚಾರ್ಜ್ ಇರುವ ಕ್ವಾರ್ಕ್ ಸುತ್ತುವ ಆರ್ಬಿಟಲ್ ಚಲನೆಯೂ ಸೇರ್ತದೆ. ಕ್ವಾರ್ಕ್‌ಗಳನ್ನು ಅಂಟಿಸಿ ಹಿಡಿಯುವ ಗ್ಲುವಾನ್ ಅನ್ನುವ ಕಣಕ್ಕೆ ಚಾರ್ಜ್ ಇಲ್ಲ, ಹಾಗಾಗಿ ಅದು ಎಷ್ಟೇ ಸ್ಪಿನ್ ಹೊತ್ತಿದ್ರೂ ನೇರವಾಗಿ ಮೊಮೆಂಟಲ್ಲಿ ಕಾಣುದಿಲ್ಲ. ಮೊಮೆಂಟ್ ಕೇಳುವ ಪ್ರಶ್ನೆಯೇ ಬೇರೆ, ಸ್ಪಿನ್ ಲೆಕ್ಕ ಕೇಳುವ ಪ್ರಶ್ನೆಯೇ ಬೇರೆ.

ಇನ್ನೊಂದು, ಮಾಡೆಲ್ ಸೋಲುವ ಜಾಗ ಮೊದಲಿಂದಲೂ ನಮ್ಮ ಕಣ್ಣೆದುರೇ ಇತ್ತು. ನ್ಯೂಟ್ರಾನ್ ಬೀಟಾ ಡಿಕೇ ಆಗುವಾಗ, ಅಂದ್ರೆ ಒಡೆದು ಪ್ರೋಟಾನ್ ಆಗುವಾಗ, ಬರುವ ಒಂದು ಅಂಕಿ ಉಂಟಲ್ಲ, ಜಿ-ಎ ಅಂತ ಹೇಳುದು, ಅದು ಅಪ್ ಕ್ವಾರ್ಕ್ ಸ್ಪಿನ್ನಿನ ಪಾಲಿನಿಂದ ಡೌನ್ ಕ್ವಾರ್ಕ್ ಸ್ಪಿನ್ನಿನ ಪಾಲು ಕಳೆದದ್ದು. ಮೂರು ಕ್ವಾರ್ಕ್ ಮಾಡೆಲಲ್ಲಿ ಅಪ್‌ಗಳದ್ದು ಒಟ್ಟು ಮೂರನೇ ನಾಲ್ಕು, ಡೌನಿದ್ದು ಮೈನಸ್ ಮೂರನೇ ಒಂದು. ಕೂಡಿಸಿದ್ರೆ 1, ಅಂದ್ರೆ ನೂರಕ್ಕೆ ನೂರು. ಕಳೆದ್ರೆ ಮೂರನೇ ಐದು, ಅಂದ್ರೆ 1.67. ಅಳತೆ ಹೇಳುದು 1.27. ಇಷ್ಟು ದೊಡ್ಡ ವ್ಯತ್ಯಾಸ ಇದ್ರೂ ಪುಸ್ತಕ ಬರೆಯುವವರು ಮ್ಯಾಗ್ನೆಟಿಕ್ ಮೊಮೆಂಟಿನ ಗೆಲುವನ್ನು ಮಾತ್ರ ಹಾಕಿ ಇದನ್ನು ಬಿಟ್ಟುಬಿಡ್ತಾರೆ, ನನಗೆ ಅದೇ ಬೇಜಾರು.

(ಅಂದ ಹಾಗೆ ಯಾರೂ ಈ ಸ್ಪಿನ್ನನ್ನು ಬುಗುರಿ ತಿರುಗಿದ ಹಾಗೆ ಅಂತ ಮಕ್ಕಳಿಗೆ ಹೇಳಿಕೊಡ್ಬೇಡಿ. ಕ್ವಾರ್ಕಿಗೆ ತಿರುಗ್ಲಿಕ್ಕೆ ಮೈಯೇ ಇಲ್ಲ, ಆ ಅರ್ಧ ಅದರ ಜೊತೆಗೇ ಹುಟ್ಟಿ ಬಂದದ್ದು, ನಿಲ್ಲಿಸ್ಲಿಕ್ಕೂ ಆಗುದಿಲ್ಲ, ಜೋರು ಮಾಡ್ಲಿಕ್ಕೂ ಆಗುದಿಲ್ಲ.)

ಹಂಪನಕಟ್ಟೆ_ಬಿಎಸ್ಸಿ:
ಸರ್ ತುಂಬಾ ಥ್ಯಾಂಕ್ಸ್. ಆದ್ರೆ ಅಳೆಯುದು ಹೇಗೆ? ಕ್ವಾರ್ಕನ್ನು ಹೊರಗೆ ತೆಗೀಲಿಕ್ಕೇ ಆಗುದಿಲ್ಲ ಅಂತ ಓದಿದ್ದೇನೆ. ಒಳಗಿರುವ ಕ್ವಾರ್ಕಿನ ಸ್ಪಿನ್ ಯಾವ ಕಡೆ ಉಂಟು ಅಂತ ಹೊರಗಿಂದ ಗೊತ್ತಾಗುದು ಹೇಗೆ?

ಮಲ್ಪೆ_ಅಕ್ಕ:
ಇದಕ್ಕೆ ನಾನು ಹೇಳ್ತೇನೆ ತಮ್ಮ, ಪಿಎಚ್‌ಡಿ ಸಮಯದಲ್ಲಿ ಪೋಲರೈಸ್ಡ್ ಟಾರ್ಗೆಟ್, ಅಂದ್ರೆ ಸ್ಪಿನ್ ಎಲ್ಲ ಒಂದೇ ದಿಕ್ಕಿಗೆ ತಿರುಗಿಸಿಟ್ಟ ಟಾರ್ಗೆಟ್, ಅದರ ಕೆಲಸವೇ ಮಾಡಿದವಳು.

ಇಲೆಕ್ಟ್ರಾನನ್ನೋ ಮ್ಯುಯಾನನ್ನೋ ಪ್ರೋಟಾನಿಗೆ ಜೋರಾಗಿ ಹೊಡೀಬೇಕು. ಅದು ಪ್ರೋಟಾನಿಗೆ ಒಂದು ವರ್ಚುವಲ್ ಫೋಟಾನ್ (ಕ್ಷಣಮಾತ್ರ ಇರುವ ಬೆಳಕಿನ ಕಣ) ದಾಟಿಸ್ತದೆ, ಒಳಗಿನ ಯಾವುದೋ ಒಂದು ಕ್ವಾರ್ಕ್ ಅದನ್ನು ನುಂಗ್ತದೆ. ಫೋಟಾನಿನ ಸ್ಪಿನ್ 1. ಅದು ಬರುವ ದಿಕ್ಕಲ್ಲಿ ಪ್ಲಸ್ 1 ಇದ್ರೆ, ಕ್ವಾರ್ಕ್ ಅದೇ ದಿಕ್ಕಲ್ಲಿ ಮೈನಸ್ ಅರ್ಧ ಇದ್ರೆ ಮಾತ್ರ ನುಂಗ್ಲಿಕ್ಕಾಗುದು, ಮೈನಸ್ ಅರ್ಧಕ್ಕೆ 1 ಸೇರಿ ಪ್ಲಸ್ ಅರ್ಧ ಆಗ್ತದೆ. ಕ್ವಾರ್ಕ್ ಮೊದಲೇ ಪ್ಲಸ್ ಅರ್ಧ ಇದ್ರೆ ಒಂದೂವರೆ ಆಗ್ಬೇಕಾಗ್ತದೆ, ಕ್ವಾರ್ಕಿಗೆ ಒಂದೂವರೆ ಅನ್ನುದೇ ಇಲ್ಲ, ಹಾಗಾಗಿ ಅದು ನುಂಗುದೇ ಇಲ್ಲ. ಅಷ್ಟೇ ಉಪಾಯ! ಫೋಟಾನಿನ ದಿಕ್ಕು ನಾವು ಆರಿಸಿಕೊಂಡ್ರೆ ಯಾವ ದಿಕ್ಕಿನ ಕ್ವಾರ್ಕನ್ನು ಹಿಡಿಯುದು ಅಂತ ನಾವೇ ಆರಿಸಿದ ಹಾಗಾಯ್ತು. ಬೀಮ್ ಮತ್ತು ಪ್ರೋಟಾನ್ ಸ್ಪಿನ್ ಒಂದೇ ದಿಕ್ಕಲ್ಲಿಟ್ಟು ಎಷ್ಟು ಡಿಕ್ಕಿ ಆಯ್ತು ಎಣಿಸುದು, ಎದುರುಬದುರಾಗಿಟ್ಟು ಎಷ್ಟು ಆಯ್ತು ಎಣಿಸುದು, ವ್ಯತ್ಯಾಸ ನೋಡುದು. ಕ್ವಾರ್ಕ್‌ಗಳು ಪ್ರೋಟಾನ್ ಜೊತೆ ಒಂದೇ ದಿಕ್ಕಲ್ಲಿ ಜಾಸ್ತಿ ಇದ್ರೆ ಎದುರುಬದುರಿನ ಎಣಿಕೆ ಜಾಸ್ತಿ ಬರ್ತದೆ.

ಸರ್ನ್‌ನವರು ಮ್ಯುಯಾನ್ ಯಾಕೆ ಹಿಡಿದ್ರು ಅಂದ್ರೆ ಪಯಾನ್ ಅನ್ನುವ ಕಣ ಒಡೆದು ಹುಟ್ಟುವ ಮ್ಯುಯಾನ್ ಹುಟ್ಟುವಾಗಲೇ ಪೋಲರೈಸ್ ಆಗಿಯೇ ಇರ್ತದೆ, ವೀಕ್ ಇಂಟರಾಕ್ಷನ್ನಿನ ಕೃಪೆ. ಬೀಮ್ ಸುಲಭದಲ್ಲಿ ಸಿಕ್ಕಿತು. ಕಷ್ಟ ಇರುದೆಲ್ಲ ಟಾರ್ಗೆಟಲ್ಲಿ.

ಟಾರ್ಗೆಟಿಗೆ ಹಾಕುದು ಹೆಪ್ಪುಗಟ್ಟಿದ ಅಮೋನಿಯದ ಚಿಕ್ಕ ಚಿಕ್ಕ ಹರಳು. ಅದನ್ನು ಬಿಳಿಯಾಗಿ ಕಲ್ಪನೆ ಮಾಡ್ಬೇಡ, ಮೊದಲು ಇಲೆಕ್ಟ್ರಾನ್ ಬೀಮ್ ಹಾಯಿಸಿ ರೇಡಿಯೇಶನ್ ಕೊಟ್ಟಿರ್ತಾರೆ, ಆಗ ಅದು ಗಾಢ ನೇರಳೆ ಬಣ್ಣಕ್ಕೆ ತಿರುಗ್ತದೆ. ಲಿಕ್ವಿಡ್ ನೈಟ್ರೋಜನ್ನಿಂದ ಚಮಚದಲ್ಲಿ ಎತ್ತುವಾಗ ಮೇಲಿಂದ ಬಿಳಿ ಹಬೆ, ಒಳಗೆ ನೇರಳೆ ಹರಳು, ನಂಗೆ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗುಂಟು. ರೇಡಿಯೇಶನ್ ಯಾಕೆ ಅಂದ್ರೆ ಅಲ್ಲಲ್ಲಿ ಜೋಡಿ ಇಲ್ಲದ ಇಲೆಕ್ಟ್ರಾನ್ ಬೇಕು. 2.5 ಟೆಸ್ಲ ಮ್ಯಾಗ್ನೆಟಲ್ಲಿ ಒಂದು ಕೆಲ್ವಿನ್ನಿಗೆ ತಣ್ಣಗೆ ಮಾಡಿದ್ರೆ ಆ ಇಲೆಕ್ಟ್ರಾನ್‌ಗಳು 90 ಪರ್ಸೆಂಟ್ ಮೇಲೆ ಒಂದೇ ದಿಕ್ಕಿಗೆ ತಿರುಗ್ತವೆ, ಆದ್ರೆ ಪ್ರೋಟಾನ್ ಪೋಲರೈಸ್ ಆಗುದು ಕಾಲು ಪರ್ಸೆಂಟ್ ಮಾತ್ರ, ಅದರ ಮೊಮೆಂಟ್ ಅಷ್ಟು ಸಣ್ಣದು. ಆಗ ಸುಮಾರು 70 ಗಿಗಾಹರ್ಟ್ಸ್ ಮೈಕ್ರೋವೇವ್ ಬಿಟ್ರೆ ಇಲೆಕ್ಟ್ರಾನಿನ ಶಿಸ್ತು ಪ್ರೋಟಾನಿಗೆ ದಾಟ್ತದೆ, 80 ಪರ್ಸೆಂಟ್ ಮೇಲೂ ಹೋಗ್ತದೆ. ಆದ್ರೆ ಇಷ್ಟೆಲ್ಲ ಮಾಡಿಯೂ ಅಮೋನಿಯದ ಒಂದು ಅಣುವಲ್ಲಿ 17 ನ್ಯೂಕ್ಲಿಯಾನ್ (ಪ್ರೋಟಾನ್ ಮತ್ತು ನ್ಯೂಟ್ರಾನ್ ಸೇರಿ) ಇದ್ರೆ ನಮಗೆ ಬೇಕಾದ ಹೈಡ್ರೋಜನ್ ಪ್ರೋಟಾನ್ ಮೂರೇ ಮೂರು. ಉಳಿದ 14 ನೈಟ್ರೋಜನ್ನಿದ್ದು, ಹೆಚ್ಚುಕಮ್ಮಿ ಸುಮ್ನೆ ಎಣಿಕೆ ಹೆಚ್ಚು ಮಾಡ್ತವೆ. ಹಾಗಾಗಿ ಕೊನೆಗೆ ಸಿಗುವ ವ್ಯತ್ಯಾಸ ತೀರಾ ಸಣ್ಣದು, ಬೀಮ್ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಮುಳುಗಿ ಹೋಗ್ತದೆ. ಸರ್ನ್‌ನವರು ಅದಕ್ಕೇ ಟಾರ್ಗೆಟನ್ನು ಎರಡು ತುಂಡು ಮಾಡಿ ಒಂದರಲ್ಲಿ ಸ್ಪಿನ್ ಮುಂದಕ್ಕೆ ಇನ್ನೊಂದರಲ್ಲಿ ಹಿಂದಕ್ಕೆ ಇಟ್ಟು ಒಂದೇ ಬೀಮ್ ಎರಡರ ಮೂಲಕವೂ ಹೋಗುವ ಹಾಗೆ ಮಾಡಿದ್ರು, ಮತ್ತೆ ಆಗಾಗ ಅದಲು ಬದಲು ಮಾಡಿದ್ರು.

ಮಣಿಪಾಲ_ಸ್ಕ್ಯಾನ್_ರೂಮ್:
ಅಕ್ಕ ನಾನು ಎಂಆರ್‌ಐ ಟೆಕ್ನಿಷಿಯನ್. ನಾವು ದಿನಾ ಕೆಲಸ ಮಾಡುದು ಪ್ರೋಟಾನ್ ಸ್ಪಿನ್ನಲ್ಲೇ ಅಲ್ವಾ, 1.5 ಟೆಸ್ಲಕ್ಕೆ 63.9 ಮೆಗಾಹರ್ಟ್ಸ್. ಈ ಕ್ರೈಸಿಸ್ ನಮ್ಮ ಮಿಷಿನಿಗೆ ತಾಗುದಿಲ್ವಾ?

ಮಲ್ಪೆ_ಅಕ್ಕ:
ತಾಗುದಿಲ್ಲ. ನಿಮ್ಮ ಮಿಷಿನಿಗೆ ಬೇಕಾದ್ದು ಒಟ್ಟು ಸ್ಪಿನ್ ಅರ್ಧ ಮತ್ತು ಒಟ್ಟು ಮೊಮೆಂಟ್ ಎರಡೇ, ಎರಡೂ ನಿಖರವಾಗಿ ಗೊತ್ತುಂಟು. ಒಳಗೆ ಯಾರು ಎಷ್ಟು ಕೊಟ್ರು ಅಂತ ಆ ರೇಡಿಯೋ ಅಲೆ ಕೇಳುದಿಲ್ಲ. ಆದ್ರೆ ಒಂದು ಅಂಕಿ ಹೇಳ್ತೇನೆ, 1.5 ಟೆಸ್ಲದಲ್ಲಿ ಮೈಯ ಬಿಸಿಗೆ ಹತ್ತು ಲಕ್ಷ ಪ್ರೋಟಾನಲ್ಲಿ ಒಂದು ದಿಕ್ಕಿಗೆ ಹೆಚ್ಚುವರಿ ಇರುದು ಸುಮಾರು ಐದು ಮಾತ್ರ, ನೀವು ಅದರಲ್ಲೇ ಚಿತ್ರ ತೆಗೀತೀರಿ. ನಮಗೆ ಬೇಕಾದ್ದು ನೂರರಲ್ಲಿ 80. ಯಾಕೆ ಒಂದು ಕೆಲ್ವಿನ್ ಬೇಕು ಅಂತ ಈಗ ನಿಮಗೆ ಅಂದಾಜಾಗ್ಬಹುದು.

ಕೊಣಾಜೆ_ಗುಡ್ಡೆ:
ನಮ್ಮ ಮಂಗಳೂರು ಯೂನಿವರ್ಸಿಟಿಯಲ್ಲಿ ಮೈಕ್ರೋಟ್ರಾನ್ ಉಂಟಲ್ಲ, ಇಲೆಕ್ಟ್ರಾನ್ ಯಂತ್ರವೇ ಅದು ಸಹ. ಅದರಲ್ಲಿ ಇದೆಲ್ಲ ಅಳೀಲಿಕ್ಕೆ ಆಗುದಿಲ್ವಾ?

ಅಜ್ಜರಕಾಡು_ಮೇಷ್ಟ್ರು:
ಆ ಕೆಲಸಕ್ಕೆ ಆಗುದಿಲ್ಲ. ಕೊಣಾಜೆಯದ್ದು 8 ಎಂಇವಿ. ಆ ಶಕ್ತಿಯ ಇಲೆಕ್ಟ್ರಾನಿನ ವೇವ್‌ಲೆಂತ್ 150 ಫರ್ಮಿ ಆಸುಪಾಸು (ಫರ್ಮಿ ಅಂದ್ರೆ ನ್ಯೂಕ್ಲಿಯಸ್ ಅಳೆಯುವ ಉದ್ದದ ಮಾನ), ಪ್ರೋಟಾನಿನ ರೇಡಿಯಸ್ 0.84 ಫರ್ಮಿ. ಪ್ರೋಟಾನ್ ಅದಕ್ಕೆ ಒಂದು ಚುಕ್ಕೆ, ಒಳಗಿನ ಕ್ವಾರ್ಕ್ ಕಾಣುದೇ ಇಲ್ಲ. ಸರ್ನ್‌ನವರ ಮ್ಯುಯಾನ್ ಶಕ್ತಿ 200 ಜಿಇವಿ ತನಕ (1 ಜಿಇವಿ ಅಂದ್ರೆ 1000 ಎಂಇವಿ), ಅಂದ್ರೆ ಇದರ 25,000 ಪಟ್ಟು.

ಮಲ್ಪೆ_ಅಕ್ಕ:
ಸರ್ ಹೇಳಿದ್ದು ಹೌದು, ಆದ್ರೆ ಕೊಣಾಜೆಯವರಿಗೆ ಒಂದು ಮಾತು ಸೇರಿಸ್ತೇನೆ. ಮೇಲೆ ನಾನು ಹೇಳಿದ ನೇರಳೆ ಅಮೋನಿಯ ಉಂಟಲ್ಲ, ಅದಕ್ಕೆ ರೇಡಿಯೇಶನ್ ಕೊಡ್ಲಿಕ್ಕೆ ದೊಡ್ಡ ಯಂತ್ರ ಬೇಡ, 10-20 ಎಂಇವಿ ಆಸುಪಾಸಿನ ಸಣ್ಣ ಇಲೆಕ್ಟ್ರಾನ್ ಯಂತ್ರಗಳಲ್ಲೇ ಮಾಡುದು. ಈ ಗಾತ್ರದ ಯಂತ್ರಗಳು ಇಲ್ಲದಿದ್ರೆ ದೊಡ್ಡ ಪ್ರಯೋಗದವರಿಗೆ ಟಾರ್ಗೆಟೇ ಇರುದಿಲ್ಲ.

ಸುರತ್ಕಲ್_ಕಡಲು:
ಸರಿ ಒಪ್ಪಿದೆ, ಅಳತೆ ಹೇಗೆ ಅಂತ ಅಕ್ಕ ಚಂದ ಹೇಳಿದ್ರು. ಈಗ ನ್ಯೂಟ್ರಾನಿದ್ದು ಹೇಗೆ? ಬಿಡಿ ನ್ಯೂಟ್ರಾನ್ ಕಾಲು ಗಂಟೆಯಲ್ಲಿ ಡಿಕೇ ಆಗ್ತದೆ, ಅದನ್ನು ಡಬ್ಬಿಯಲ್ಲಿ ತುಂಬಿ ಟಾರ್ಗೆಟ್ ಮಾಡ್ಲಿಕ್ಕೆ ಆಗುದಿಲ್ವಲ್ಲ. ಮತ್ತೆ ಆ 70 ಪರ್ಸೆಂಟ್ ಎಲ್ಲಿ ಅಂತ ಇನ್ನೂ ಯಾರೂ ಹೇಳ್ಲಿಲ್ಲ.

ಅಜ್ಜರಕಾಡು_ಮೇಷ್ಟ್ರು:
ನ್ಯೂಟ್ರಾನಿಗೆ ಹೀಲಿಯಂ-3. ಅದರಲ್ಲಿ ಎರಡು ಪ್ರೋಟಾನ್ ಒಂದು ನ್ಯೂಟ್ರಾನ್, ಪ್ರೋಟಾನ್ ಎರಡೂ ಹೆಚ್ಚಾಗಿ ಎದುರುಬದುರು ದಿಕ್ಕಲ್ಲಿರುದ್ರಿಂದ ಅವುಗಳದ್ದು ವಜಾ, ನ್ಯೂಕ್ಲಿಯಸ್ಸಿನ ಸ್ಪಿನ್ ಹೆಚ್ಚುಕಮ್ಮಿ ಪೂರಾ ನ್ಯೂಟ್ರಾನಿನದ್ದೇ. ಸ್ಲ್ಯಾಕ್‌ನವರು 1990ರ ದಶಕದಲ್ಲಿ ಹೀಗೆ ಮಾಡಿದ್ರು, ಡ್ಯೂಟೀರಿಯಂ ಸಹ ಬಳಸ್ತಾರೆ. ಪ್ರೋಟಾನಲ್ಲಿ ಅಪ್ ಮಾಡುವ ಕೆಲಸ ನ್ಯೂಟ್ರಾನಲ್ಲಿ ಡೌನ್ ಮಾಡ್ತದೆ, ಆ ಮಟ್ಟಿಗೆ ನೋಟ್ಸಲ್ಲಿರುದು ಸರಿಯೇ, ಹಾಗಾಗಿ ಎರಡನ್ನೂ ಅಳೆದ್ರೆ ಅಪ್ ಎಷ್ಟು ಡೌನ್ ಎಷ್ಟು ಅಂತ ಬೇರೆ ಮಾಡ್ಬಹುದು.

ಹರ್ಮಿಸ್‌ನವರ ಅಂಕಿ ತಕೊಳ್ಳಿ: ಅಪ್ ಪ್ಲಸ್ 0.84, ಡೌನ್ ಮೈನಸ್ 0.43, ಸ್ಟ್ರೇಂಜ್ ಅನ್ನುವ ಇನ್ನೊಂದು ಜಾತಿಯ ಕ್ವಾರ್ಕ್ ಮೈನಸ್ 0.085 ಹತ್ರ. ಕೂಡಿಸಿದ್ರೆ ಸುಮಾರು 0.33, ಅಂದ್ರೆ 33 ಪರ್ಸೆಂಟ್. ನೋಡಿ, ಅಪ್‌ನದ್ದು ಕಮ್ಮಿ ಏನಲ್ಲ, ಡೌನ್ ಎದುರು ದಿಕ್ಕಲ್ಲಿ ನಿಂತು ಅರ್ಧ ತಿಂದು ಹಾಕ್ತದೆ. ಪ್ರೋಟಾನಲ್ಲಿ ಇಲ್ಲ ಅಂತ ಎಲ್ರೂ ಬರೆಯುವ ಸ್ಟ್ರೇಂಜ್ ಸಹ ಬಂತು, ಯಾಕಂದ್ರೆ ಒಳಗೆ ಗ್ಲುವಾನಿಂದ ಕ್ವಾರ್ಕ್ ಮತ್ತು ಆಂಟಿಕ್ವಾರ್ಕ್ ಜೋಡಿ ಹುಟ್ಟಿ ಸಾಯ್ತಾ ಇರುದು ನಿಲ್ಲುದೇ ಇಲ್ಲ. ಇನ್ನು ಪ್ರೋಟಾನಿದ್ದರಿಂದ ನ್ಯೂಟ್ರಾನಿದ್ದು ಕಳೆದ್ರೆ ಎಷ್ಟು ಬರ್ಬೇಕು ಅಂತ ಬ್ಯೋರ್ಕೆನ್ ಅನ್ನುವ ಭೌತವಿಜ್ಞಾನಿ 1966ರಲ್ಲೇ ಹೇಳಿದ್ರು, ಅದು ಬೀಟಾ ಡಿಕೇಯ ಅದೇ 1.27ಕ್ಕೆ ಕಟ್ಟಿದ ಲೆಕ್ಕ. ಪ್ರಯೋಗ ಅದಕ್ಕೆ ಒಪ್ಪುತ್ತದೆ. ಅಂದ್ರೆ ಮೂಲ ಸಿದ್ಧಾಂತ ಗಟ್ಟಿ ಉಂಟು, ಬಿದ್ದದ್ದು ನೋಟ್ಸಲ್ಲಿದ್ದ ಎರಡು ಮೇಲೆ ಒಂದು ಕೆಳಗೆ ಅನ್ನುವ ಚಿತ್ರ.

ಉಳಿದದ್ದು ಎಲ್ಲಿ? ಪ್ರೋಟಾನಿನ ಅರ್ಧ ಅಂದ್ರೆ ಕ್ವಾರ್ಕ್ ಸ್ಪಿನ್, ಗ್ಲುವಾನ್ ಸ್ಪಿನ್, ಮತ್ತೆ ಎಲ್ಲರದ್ದೂ ಆರ್ಬಿಟಲ್ ಆಂಗ್ಯುಲರ್ ಮೊಮೆಂಟಮ್, ಇಷ್ಟು ಸೇರಿ. ಆರ್ಬಿಟಲ್ ಯಾಕೆ ಬೇಕೇ ಬೇಕು ಅಂದ್ರೆ ಅಷ್ಟು ಹಗುರದ ಕ್ವಾರ್ಕನ್ನು ಒಂದು ಫರ್ಮಿಗೂ ಸಣ್ಣ ಜಾಗದಲ್ಲಿ ಕೂಡಿ ಹಾಕಿದ್ರೆ ಅದು ಬೆಳಕಿನ ವೇಗದ ಹತ್ರ ಓಡ್ತದೆ, ಆಗ ಡಿರಾಕ್ ಸಮೀಕರಣದ ಪ್ರಕಾರ ಸ್ಪಿನ್ನಿನ ಒಂದು ಪಾಲು ತಂತಾನೇ ಆರ್ಬಿಟಲ್ ಆಗಿಬಿಡ್ತದೆ. ಇದೊಂದರಿಂದಲೇ ನೂರು ಇದ್ದದ್ದು 65ರ ಹತ್ರ ಇಳೀತದೆ. ಪ್ರೋಟಾನ್ ಸುತ್ತ ಪಯಾನ್ ಮೋಡ ಉಂಟಲ್ಲ, ಪಯಾನಿಗೆ ಸ್ಪಿನ್ ಸೊನ್ನೆ, ಹಾಗಾಗಿ ಅದು ಹೊರುದು ಸಹ ಆರ್ಬಿಟಲ್ಲೇ, ಅಲ್ಲಿ ಇನ್ನಷ್ಟು ಇಳೀತದೆ.

ಗ್ಲುವಾನಿನ ಪಾಲು ನೋಡ್ಲಿಕ್ಕೆ ನ್ಯೂಯಾರ್ಕ್ ಹತ್ರ ಬ್ರೂಕ್‌ಹೇವನ್ನಲ್ಲಿ ಪೋಲರೈಸ್ಡ್ ಪ್ರೋಟಾನನ್ನೇ ಪೋಲರೈಸ್ಡ್ ಪ್ರೋಟಾನಿಗೆ ಡಿಕ್ಕಿ ಹೊಡೆಸಿದ್ರು, ರಿಕ್ ಅನ್ನುವ ಯಂತ್ರ. ಲೋಕದಲ್ಲಿ ಹಾಗೆ ಮಾಡಿದ ಕೊಲೈಡರ್ ಅದೊಂದೇ. 2009ರ ಡೇಟಾ ಸೇರಿಸಿ 2014ರಲ್ಲಿ ಲೆಕ್ಕ ಹಾಕಿದಾಗ ಗ್ಲುವಾನಿದ್ದು ಸೊನ್ನೆ ಅಲ್ಲ, ಪ್ಲಸ್ ಅಂತ ಸ್ಪಷ್ಟ ಆಯ್ತು, ಅಳೆದ ವ್ಯಾಪ್ತಿಯಲ್ಲಿ ಸುಮಾರು 0.2. ಒಟ್ಟು ಅರ್ಧದಲ್ಲಿ ಅದು ಸಣ್ಣ ಪಾಲಲ್ಲ.

ಹಂಪನಕಟ್ಟೆ_ಬಿಎಸ್ಸಿ:
ಹಾಗಾದ್ರೆ ಸರ್ ಹೀಗೆ ಬರಿಯುದಾ: ಪ್ರೋಟಾನ್ ಸ್ಪಿನ್ ಅರ್ಧ. ಮೂರು ಕ್ವಾರ್ಕ್ ಮಾಡೆಲ್ ಪೂರಾ ಕ್ವಾರ್ಕ್ ಸ್ಪಿನ್ನಿಂದ ಅಂತ ಹೇಳ್ತದೆ, ಆದ್ರೆ 1987ರಿಂದ ಆದ ಅಳತೆ ಪ್ರಕಾರ ಕ್ವಾರ್ಕ್ ಸ್ಪಿನ್ 30 ಪರ್ಸೆಂಟ್, ಗ್ಲುವಾನ್ 40 ಪರ್ಸೆಂಟ್, ಆರ್ಬಿಟಲ್ 30 ಪರ್ಸೆಂಟ್.

ಅಜ್ಜರಕಾಡು_ಮೇಷ್ಟ್ರು:
ಮೊದಲ ಎರಡೂವರೆ ಸಾಲು ಚಿನ್ನದಂಥದ್ದು, ಅಷ್ಟು ಬರಿ. ಮಾಡೆಲಿನ ಎರಡು ಸಾಲನ್ನೂ ಬಿಡ್ಬೇಡ, ಅದನ್ನು ಮಾಡೆಲ್ ಅಂತಲೇ ಹೆಸರು ಹಾಕಿ ಬರಿ, ಪೇಪರ್ ತಿದ್ದುವವರಿಗೂ ಸರಿ ಆಗ್ತದೆ, ನಿಜಕ್ಕೂ ಸರಿ ಆಗ್ತದೆ. ಆದ್ರೆ ಕೊನೆಯ 40 ಮತ್ತು 30 ಬರೀಬೇಡ. ಗ್ಲುವಾನಿನ ಆ 0.2 ಸಿಕ್ಕಿದ್ದು ಪ್ರೋಟಾನಿನ ಮೊಮೆಂಟಮಲ್ಲಿ 5 ಪರ್ಸೆಂಟಿಗಿಂತ ಹೆಚ್ಚು ಹೊತ್ತ ಗ್ಲುವಾನ್‌ಗಳಿಂದ ಮಾತ್ರ. ಅದಕ್ಕಿಂತ ಕಮ್ಮಿ ಹೊತ್ತ ಗ್ಲುವಾನ್‌ಗಳು ಲೆಕ್ಕವಿಲ್ಲದಷ್ಟು ಉಂಟು, ಅವುಗಳದ್ದು ಪ್ಲಸ್ಸಾ ಮೈನಸ್ಸಾ ಅಂತ ಸಹ ಗಟ್ಟಿ ಆಗ್ಲಿಲ್ಲ. ಆರ್ಬಿಟಲ್ಲಿದ್ದು ಹಾಗೇ, ಉಳಿದದ್ದನ್ನೆಲ್ಲ ಅದರ ತಲೆಗೆ ಕಟ್ಟಿದ್ರೆ ಅಳತೆ ಆಗುದಿಲ್ಲ. ಅದನ್ನು ಬೇರೆಯಾಗಿ ಅಳೆಯುವ ದಾರಿ ಶಿಯಾಂಗ್‌ಡಾಂಗ್ ಜಿ ಅನ್ನುವ ಭೌತವಿಜ್ಞಾನಿ 1997ರಲ್ಲಿ ತೋರಿಸಿದ್ರು, ಪ್ರೋಟಾನ್ ಒಡೆಯದೆ ಒಂದು ಫೋಟಾನ್ ಮಾತ್ರ ಹೊರಗೆ ಬರುವ ಡಿಕ್ಕಿಗಳನ್ನು ಆರಿಸುದು, ಜೆಫರ್ಸನ್ ಲ್ಯಾಬಲ್ಲಿ ಅದರ ಕೆಲಸ ಉಂಟು.

ಮಲ್ಪೆ_ಅಕ್ಕ:
ಹೌದು ತಮ್ಮ, ಆ 5 ಪರ್ಸೆಂಟಿನ ಕೆಳಗೆ ಇಳೀಲಿಕ್ಕೇ ಬ್ರೂಕ್‌ಹೇವನ್ನಲ್ಲಿ ಇಲೆಕ್ಟ್ರಾನ್-ಅಯಾನ್ ಕೊಲೈಡರ್ ಕಟ್ಟುದು, ಜಾಗ ಗಟ್ಟಿ ಆದದ್ದು 2020ರ ಜನವರಿಯಲ್ಲಿ. ಪೋಲರೈಸ್ಡ್ ಇಲೆಕ್ಟ್ರಾನ್ ಒಂದು ಕಡೆಯಿಂದ, ಪೋಲರೈಸ್ಡ್ ಪ್ರೋಟಾನ್ ಅಥವಾ ಹೀಲಿಯಂ-3 ಇನ್ನೊಂದು ಕಡೆಯಿಂದ, ಅಮೋನಿಯದ ಆ 14 ಉಪಯೋಗಕ್ಕಿಲ್ಲದ ನ್ಯೂಕ್ಲಿಯಾನಿನ ಕಿರಿಕಿರಿ ಅಲ್ಲಿ ಇರುದೇ ಇಲ್ಲ. ಪರೀಕ್ಷೆ ಮುಗಿದ ಮೇಲೆ ಎಮ್ಮೆಸ್ಸಿಗೆ ಪಾರ್ಟಿಕಲ್ ತಕೊಳ್ಳುವ ಮನಸ್ಸಿದ್ರೆ ಇಲ್ಲೇ ಮೆಸೇಜ್ ಹಾಕು, ಓದ್ಲಿಕ್ಕೆ ಎಲ್ಲಿಂದ ಶುರು ಮಾಡ್ಬಹುದು ಅಂತ ಹೇಳ್ತೇನೆ.